ಮಾಡದೆ ಉಳಿದುದರ ಹೊಣೆ

ಒಬ್ಬನು ಕೈಯೆತ್ತಿ ಇನ್ನೊಬ್ಬನನ್ನು ಹೊಡೆದರೆ ಅದು ಹಿಂಸೆಯೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಮಾಡಬೇಕಾದುದನ್ನು ಮಾಡದೆ ಬಿಟ್ಟುದರಿಂದ ಒಂದು ಜೀವಕ್ಕೆ ಕೇಡು ಒದಗಿದರೆ, ಆ ಕೇಡಿನ ಕರ್ತೃ ಯಾರು? ಅಲ್ಲಿ ಕೈಯೆತ್ತಿದವರಿಲ್ಲ, ಕೆಡುಕು ಬಯಸಿದವರೂ ಇಲ್ಲ. ಆದರೂ ಕೇಡು ನಡೆದುಹೋಗಿದೆ. ಈ ಪ್ರಶ್ನೆಯನ್ನು ಬರಿಯ ತರ್ಕದ ನೆಲೆಯಲ್ಲಿ ಚರ್ಚಿಸುವುದಕ್ಕಿಂತ ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಹೆಚ್ಚು ಪ್ರಯೋಜನಕರ. ದಿನ ತುಂಬದೆ ಹುಟ್ಟಿ, ವೈದ್ಯರ ಶ್ರಮದಿಂದ ಬದುಕಿ ಉಳಿದ ಶಿಶುಗಳು, ಸಕಾಲದಲ್ಲಿ ಕಣ್ಣಿನ ಪರೀಕ್ಷೆ ನಡೆಯದ ಕಾರಣದಿಂದ ಬಾಳಿಡೀ ದೃಷ್ಟಿಹೀನರಾಗುವುದೇ ಆ ನಿದರ್ಶನ.

ಗರ್ಭಸ್ಥ ಶಿಶುವಿನ ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ ರಕ್ತನಾಳಗಳು ಸುಮಾರು 16ನೆಯ ವಾರದಲ್ಲಿ ಚಿಗುರತೊಡಗಿ, 40ನೆಯ ವಾರದ ಹೊತ್ತಿಗೆ ಅದರ ಅಂಚನ್ನು ಮುಟ್ಟುತ್ತವೆ. ಶಿಶು ಬಹಳ ಮುಂಚೆ ಜನಿಸಿದರೆ ಈ ಬೆಳವಣಿಗೆ ನಡುವೆಯೇ ತಡೆಯುತ್ತದೆ. ಅನಂತರ ಕೆಲವು ಶಿಶುಗಳಲ್ಲಿ ಹೊಸ ನಾಳಗಳು ಅಂಕೆಯಿಲ್ಲದೆ ಬೆಳೆದು ಅಕ್ಷಿಪಟಲವನ್ನೇ ಅದರ ನೆಲೆಯಿಂದ ಕಳಚುತ್ತವೆ. ಇದಕ್ಕೆ ‘ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ’ ಎಂದು ಹೆಸರು. ವೈದ್ಯರು ಸಂಕ್ಷೇಪವಾಗಿ ಆರ್‌ಓಪಿ ಎನ್ನುತ್ತಾರೆ. ಹುಟ್ಟಿದ ದಿನ ಈ ರೋಗವಿರುವುದಿಲ್ಲ. ಕೆಲವು ವಾರಗಳ ಬಳಿಕ ತಲೆದೋರುತ್ತದೆ. ಹೊರನೋಟಕ್ಕೆ ಕಣ್ಣು ನಿರ್ಮಲವಾಗಿಯೇ ತೋರುತ್ತದೆ. ಪಾಪೆಯ ಬಿಳುಪು ತಾಯಿಯ ಗಮನಕ್ಕೆ ಬರುವ ವೇಳೆಗೆ ಸಾಮಾನ್ಯವಾಗಿ ಕಾಲ ಮೀರಿರುತ್ತದೆ. ಮೊದಲೇ ಕಂಡುಕೊಂಡರೆ ಲೇಸರ್ ಚಿಕಿತ್ಸೆಯಿಂದಲೋ ಕಣ್ಣಿನೊಳಗೆ ನೀಡುವ ಚುಚ್ಚುಮದ್ದಿನಿಂದಲೋ ಬಹುಪಾಲು ಶಿಶುಗಳ ದೃಷ್ಟಿಯನ್ನು ಉಳಿಸಬಹುದು.

ಈ ರೋಗವನ್ನು 1942ರಲ್ಲಿ ಮೊದಲು ವಿವರಿಸಿದವರು ಅಮೆರಿಕದ ಬಾಸ್ಟನ್ ನಗರದ ನೇತ್ರವೈದ್ಯ ಥಿಯೋಡರ್ ಟೆರಿ. ಮಿತಿಮೀರಿ ಕೊಟ್ಟ ಆಮ್ಲಜನಕಕ್ಕೂ ಇದಕ್ಕೂ ನಂಟಿದೆಯೆಂದು 1951ರಲ್ಲಿ ಮೆಲ್ಬರ್ನಿನ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಸೂಚಿಸಿದರು. 1953-54ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಕೂಡಿ ನಡೆಸಿದ ಅಧ್ಯಯನ ಅದನ್ನು ದೃಢಪಡಿಸಿತು. ಪ್ರಾಣ ಉಳಿಸಲೆಂದು ಕೊಟ್ಟ ವಾಯುವೇ ಕಣ್ಣನ್ನು ಕಸಿದುಕೊಂಡಿತ್ತು. ಆ ಬಳಿಕ ಆಸ್ಪತ್ರೆಗಳು ಆಮ್ಲಜನಕವನ್ನು ಬಿಗಿಹಿಡಿದವು. ಅಂಧತ್ವವೇನೋ ತಗ್ಗಿತು, ಆದರೆ ಶಿಶುಮರಣ ಏರಿತು. ಒಂದು ಮಗುವಿನ ದೃಷ್ಟಿ ಉಳಿದುದಕ್ಕೆ ಪ್ರತಿಯಾಗಿ ಸುಮಾರು 16 ಶಿಶುಗಳು ಸತ್ತಿರಬೇಕೆಂದು 1973ರಲ್ಲಿ ಇಂಗ್ಲೆಂಡಿನ ಕ್ರಾಸ್ ಎಂಬ ವಿಜ್ಞಾನಿ ಅಂದಾಜು ಮಾಡಿದರು. ಆಮ್ಲಜನಕವನ್ನು ಅಳತೆಯಿಂದ ಕೊಡಬೇಕು, ಕೊಟ್ಟ ಮೇಲೆ ಕಣ್ಣನ್ನೂ ಕಾಯಬೇಕು ಎಂಬುದು ಈ ಇತಿಹಾಸದ ಪಾಠ. ಉಪಕಾರ ಮಾಡಿದವನ ಹೊಣೆ ಉಪಕಾರದೊಂದಿಗೇ ತೀರುವುದಿಲ್ಲ.

2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಶಿಶುಗಳು ಅವಧಿಗೆ ಮುನ್ನ ಜನಿಸಿದವೆಂದು ಅಂದಾಜಿದೆ. ಅಮೆರಿಕದಲ್ಲಿ ಸಾಮಾನ್ಯವಾಗಿ 30 ವಾರದೊಳಗೆ ಹುಟ್ಟಿದ ಅಥವಾ 1500 ಗ್ರಾಂ ಮೀರದ ಶಿಶುಗಳನ್ನು ಪರೀಕ್ಷೆಗೆ ಆರಿಸುತ್ತಾರೆ. ನಮ್ಮಲ್ಲಿ ಅವುಗಳಿಗಿಂತ ದೊಡ್ಡ ಶಿಶುಗಳಿಗೂ ಈ ರೋಗ ತಗಲುವುದರಿಂದ 34 ವಾರದೊಳಗಿನ ಅಥವಾ 2000 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳೆಲ್ಲವನ್ನೂ ಹುಟ್ಟಿದ 30 ದಿನಗಳೊಳಗೆ ಪರೀಕ್ಷಿಸಬೇಕೆಂಬ ನಿಯಮವಿದೆ. ಇನ್ನೂ ಚಿಕ್ಕ ಶಿಶುಗಳಿಗೆ ಎರಡು ಮೂರು ವಾರಗಳಲ್ಲಿಯೇ ಪರೀಕ್ಷೆಯಾಗಬೇಕು. ಒಮ್ಮೆ ನೋಡಿದರೆ ಸಾಲದು. ನಾಳಗಳು ಪೂರ್ತಿ ಬೆಳೆಯುವ ತನಕ ಮತ್ತೆ ಮತ್ತೆ ನೋಡಬೇಕು.

ನಿಯಮಕ್ಕೂ ಆಚರಣೆಗೂ ನಡುವೆ ಅಂತರ ಉಳಿಯುವುದು ಹೇಗೆ? ಹೆರಿಗೆ ಮಾಡಿಸಿದವರ ಕೆಲಸ ಹೆರಿಗೆಯೊಂದಿಗೆ ಮುಗಿಯಿತು. ಶಿಶುವೈದ್ಯರ ಗಮನವೆಲ್ಲ ಉಸಿರು, ತೂಕ, ಸೋಂಕುಗಳ ಮೇಲೆ. ಎಷ್ಟೋ ಊರುಗಳಲ್ಲಿ ಈ ಪರೀಕ್ಷೆ ಬಲ್ಲ ನೇತ್ರತಜ್ಞರಿಲ್ಲ. ಇದ್ದರೂ ಕರೆಯದೆ ಅವರು ಬರುವುದಿಲ್ಲ. ಅಷ್ಟರಲ್ಲಿ ಮಗು ಚೇತರಿಸಿಕೊಂಡು ಮನೆಗೆ ಹೋಗುತ್ತದೆ. ಬಿಡುಗಡೆಯ ಚೀಟಿಯಲ್ಲಿ ಇಂಗ್ಲಿಷಿನ ಒಂದು ಸಾಲು ಇದ್ದೀತು, ಓದಿ ಹೇಳುವವರಿಲ್ಲ. ಬಾಣಂತಿ ತವರಿಗೆ ಹೋಗಿದ್ದರೆ ಆಸ್ಪತ್ರೆಯ ಕಡತದಲ್ಲಿರುವುದು ಗಂಡನ ಮನೆಯ ವಿಳಾಸ. ತಾಯಿಯೂ ಮಗುವೂ ಹೊಸಿಲು ದಾಟಬಾರದೆಂದು ಹಿರಿಯರು ಕಾಪಾಡುವ ದಿನಗಳೇ ಪರೀಕ್ಷೆಯ ದಿನಗಳೂ ಹೌದು. ಇವರಲ್ಲಿ ದುಷ್ಟರು ಯಾರೂ ಇಲ್ಲ. ಹಲವರ ನಡುವೆ ಹಂಚಿಹೋದ ಕರ್ತವ್ಯ ಕೊನೆಗೆ ಯಾರದೂ ಆಗದೆ ಉಳಿಯಿತು, ಅಷ್ಟೆ.

1996ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ 29ನೆಯ ವಾರಕ್ಕೆ, 1250 ಗ್ರಾಂ ತೂಕದೊಂದಿಗೆ ಒಂದು ಹೆಣ್ಣುಮಗು ಜನಿಸಿತು. ಕಣ್ಣಿನ ಪರೀಕ್ಷೆ ನಡೆಯಲಿಲ್ಲ. ಮಗು ದೃಷ್ಟಿ ಕಳೆದುಕೊಂಡಿತು. 2015ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ನಿರ್ಲಕ್ಷ್ಯವೆಂದು ಎತ್ತಿಹಿಡಿದು, ಒಟ್ಟು ಸುಮಾರು 1.8 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಅಷ್ಟರಲ್ಲಿ ಆಕೆಗೆ 18 ವರ್ಷ ತುಂಬಿತ್ತು. ಮಾಡದೆ ಉಳಿದುದೂ ಅಪರಾಧವಾಗಬಲ್ಲದೆಂದು ಕಾನೂನು ಒಪ್ಪಿದೆ.

ಬದುಕಿಸಿದವರನ್ನೇ ದೂರುವುದು ಕೃತಘ್ನತೆಯಲ್ಲವೆ ಎಂದು ಕೆಲವರು ಕೇಳಬಹುದು. ಒಬ್ಬನೇ ವೈದ್ಯ, ಹತ್ತಾರು ಶಿಶುಗಳು, ಸಾಲದ ಸಲಕರಣೆ. ಅಂಥವನ ಮೇಲೆ ಇನ್ನೆಷ್ಟು ಭಾರ ಹೊರಿಸುವುದು? ಈ ಆಕ್ಷೇಪದಲ್ಲಿ ಹುರುಳಿದೆ. ಮಾಡದೆ ಬಿಟ್ಟುದೆಲ್ಲವೂ ಅಪರಾಧವೆಂದರೆ ಲೋಕದಲ್ಲಿ ನಿರಪರಾಧಿಗಳೇ ಉಳಿಯಲಾರರು. ಆದ್ದರಿಂದ ಮೂರು ಸಂಗತಿಗಳನ್ನು ಪರಿಶೀಲಿಸಬೇಕು. ಒದಗಬಹುದಾದ ಕೇಡು ನಮಗೆ ಮುಂಚಿತವಾಗಿ ತಿಳಿದಿತ್ತೆ? ಅದನ್ನು ತಡೆಯುವ ಉಪಾಯ ನಮ್ಮ ಅಳವಿನಲ್ಲಿತ್ತೆ? ಕೇಡಿಗೆ ಗುರಿಯಾಗುವವರಿಗೆ ಅದನ್ನು ತಾವಾಗಿಯೇ ಅರಿಯುವ ದಾರಿ ಇರಲಿಲ್ಲವೆ? ಈ ಮೂರಕ್ಕೂ ಹೌದೆಂಬ ಉತ್ತರ ಬಂದಲ್ಲಿ ಸುಮ್ಮನಿರುವುದು ಪ್ರಮಾದವೇ ಸರಿ. ಪರೀಕ್ಷೆಯ ಸೌಕರ್ಯವಿಲ್ಲದ ಆಸ್ಪತ್ರೆಯಲ್ಲಿ ಹೊಣೆ ಕುಗ್ಗುತ್ತದೆ, ಆದರೆ ಸೊನ್ನೆಯಾಗುವುದಿಲ್ಲ. ಇಂಥ ದಿನದೊಳಗೆ ಇಂಥ ಕಡೆಗೆ ಮಗುವನ್ನು ಕರೆದೊಯ್ಯಿರಿ ಎಂದು ತಾಯಿಗೆ ತಿಳಿಯುವ ಮಾತಿನಲ್ಲಿ ಹೇಳುವುದಕ್ಕೆ ಯಾವ ಯಂತ್ರವೂ ಬೇಡ.

ಉಪಾಯ ಅಳವಿನಲ್ಲಿದೆ ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷ್ಯವಿದೆ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವು ‘ಕಿಡ್‌ರಾಪ್’ ಎಂಬ ಕಾರ್ಯವನ್ನು ಆರಂಭಿಸಿತು. ತಜ್ಞರು ಊರೂರಿಗೆ ಹೋಗಲಾರರಾದ್ದರಿಂದ, ತರಬೇತಿ ಪಡೆದ ತಂತ್ರಜ್ಞರು ಕ್ಯಾಮರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ, ಶಿಶುಗಳ ಅಕ್ಷಿಪಟಲದ ಚಿತ್ರ ತೆಗೆದು, ಅಂತರ್ಜಾಲದ ಮೂಲಕ ತಜ್ಞರಿಗೆ ಕಳುಹಿಸುತ್ತಾರೆ. ಇಲ್ಲಿ ಕ್ಯಾಮರಾಕ್ಕಿಂತ ಮುಖ್ಯವಾದುದು, ಈ ಕೆಲಸ ನನ್ನದು ಎನ್ನುವ ಒಬ್ಬ ವ್ಯಕ್ತಿ ನಿಗದಿಯಾದ ದಿನ ಅಲ್ಲಿಗೆ ಬರುತ್ತಾನೆಂಬುದು. ಯಾರದೂ ಅಲ್ಲದಿದ್ದ ಕರ್ತವ್ಯಕ್ಕೆ ಒಬ್ಬ ಒಡೆಯ ದೊರೆತನು.

ಈ ವಿಚಾರ ವೈದ್ಯರಿಗೆ ಮಾತ್ರ ಮೀಸಲಲ್ಲ. ಆಸ್ಪತ್ರೆಗಳಿಗೆ ದಾನ ಮಾಡುವವರು ಹೊಸ ಕಟ್ಟಡದೊಂದಿಗೆ ಇಂಥ ಪರೀಕ್ಷೆಯ ಏರ್ಪಾಡನ್ನೂ ಕೇಳಬಹುದು. ಮನೆಯ ಹಿರಿಯರು ಬಾಣಂತನದ ಕಟ್ಟನ್ನು ಆ ಒಂದು ದಿನದ ಮಟ್ಟಿಗೆ ಸಡಿಲಿಸಬಹುದು. ಬಂಧುಗಳಲ್ಲಿಯೋ ನೆರೆಯಲ್ಲಿಯೋ ದಿನ ತುಂಬದ ಮಗು ಹುಟ್ಟಿದಾಗ, ‘ಕಣ್ಣಿನ ಪರೀಕ್ಷೆ ಯಾವತ್ತು?’ ಎಂದು ವಿಚಾರಿಸುವುದು ನಮ್ಮೆಲ್ಲರಿಂದಲೂ ಆಗುವ ಕೆಲಸ. ಉತ್ತರ ದೊರೆಯದಿದ್ದರೆ ಮರುದಿನ ಇನ್ನೊಮ್ಮೆ ವಿಚಾರಿಸಬೇಕು.