ಯಾರ ಉಪ್ಪು, ಯಾರ ಮಾತು?

ಅಬ್ಬಾ ಅವರ ಹಳೆಯ ಟ್ರಂಕಿನಲ್ಲಿ ಮನೆಪತ್ರಗಳ ಜೊತೆ ಒಂದು ಸಣ್ಣ ಪುಸ್ತಕ ಸಿಕ್ಕಿತು. ಅದು ರೇಡಿಯೋ ಲೈಸೆನ್ಸಿನ ಪುಸ್ತಕ. ಪ್ರತಿವರ್ಷ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ, ಅದಕ್ಕೆ ಸ್ಟಾಂಪು ಹಚ್ಚಿಸಿಕೊಂಡು ಬರುತ್ತಿದ್ದರಂತೆ. 1980ರ ದಶಕದ ನಡುವೆ ಸರಕಾರ ರೇಡಿಯೋ, ಟಿ.ವಿ. ಲೈಸೆನ್ಸುಗಳನ್ನು ಕೈಬಿಟ್ಟಿತು. ಜನರಿಗೆ ಸಂತೋಷವಾಗಿರಬೇಕು. ಆದರೆ ಅಂದು ನಾವು ಕಳೆದುಕೊಂಡದ್ದೂ ಒಂದಿದೆ. ಆಕಾಶವಾಣಿ, ದೂರದರ್ಶನಗಳು ನಡೆಯುವುದು ನಮ್ಮ ಹಣದಿಂದ ಎಂಬ ಅರಿವು ಅದು.

ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎನ್ನುತ್ತೇವೆ. ಮನೆವಾರ್ತೆಗೆ ಇದು ಒಳ್ಳೆಯ ಗುಣ. ಸುದ್ದಿ ಹೇಳುವವನಿಗೆ ಮಾತ್ರ ಇದೇ ಗುಣ ಉರುಳಾಗುತ್ತದೆ. ಹಾಗಾದರೆ ಅವನು ಯಾರ ಉಪ್ಪು ತಿನ್ನಬೇಕು?

ಜಾಹೀರಾತಿನದ್ದು ತಿನ್ನಲಿ ಎನ್ನುವವರಿದ್ದಾರೆ. ದೂರದರ್ಶನದಲ್ಲಿ ಜಾಹೀರಾತು ಆರಂಭವಾದದ್ದು 1976ರಲ್ಲಿ. ಜಾಹೀರಾತಿಗೆ ಬೇಕಾದವನು ಪ್ರಜೆಯಲ್ಲ, ಗಿರಾಕಿ. 1967ರಲ್ಲಿ ರೈತರಿಗಾಗಿ 'ಕೃಷಿ ದರ್ಶನ' ಶುರುವಾದಾಗ, ಅದರಿಂದ ಯಾವ ಸಾಬೂನು ಮಾರಾಟವಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ಕೊಳ್ಳುವ ಶಕ್ತಿ ಇಲ್ಲದವನಿಗೂ ತಿಳಿಯುವ ಹಕ್ಕಿದೆ ಎಂಬುದಕ್ಕಾಗಿಯೇ ಅಲ್ಲವೇ ಸಾರ್ವಜನಿಕ ವಾಹಿನಿ ಇರುವುದು?

ಸರಕಾರವೇ ಕೊಡಲಿ ಎಂಬುದು ಇನ್ನೊಂದು ಮಾತು. ಪ್ರಸಾರ ಭಾರತಿಗೆ ಸ್ವಾಯತ್ತತೆ ಕೊಡುವ ಕಾಯ್ದೆ 1990ರಲ್ಲೇ ಆಯಿತು, ಜಾರಿಗೆ ಬಂದದ್ದು 1997ರಲ್ಲಿ. ಈ ನಡುವೆ 1995ರಲ್ಲಿ, ಕ್ರಿಕೆಟ್ ಪ್ರಸಾರದ ಒಂದು ಮೊಕದ್ದಮೆಯಲ್ಲಿ, ಆಕಾಶದ ತರಂಗಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟು ಹೇಳಿತು. ಆದರೂ ಸಂಬಳದ ದೊಡ್ಡ ಪಾಲು ಬರುವುದು ಕೇಂದ್ರದ ಬೊಕ್ಕಸದಿಂದಲೇ. ಕಾಯ್ದೆ ಬಾಯಿ ಬಿಚ್ಚಿದರೂ ಥೈಲಿಯ ದಾರ ಮಂತ್ರಾಲಯದ ಕೈಯಲ್ಲಿದ್ದರೆ ಫಲವೇನು? ಅಮೆರಿಕದಲ್ಲಿ 2025ರ ಜುಲೈಯಲ್ಲಿ, ಸಾರ್ವಜನಿಕ ಪ್ರಸಾರಕ್ಕೆ ಮುಂಗಡವಾಗಿ ಒಪ್ಪಿಕೊಂಡಿದ್ದ ಸುಮಾರು 110 ಕೋಟಿ ಡಾಲರನ್ನು ಸಂಸತ್ತು ಹಿಂದಕ್ಕೆ ಪಡೆಯಿತು. ಕೊಟ್ಟ ಕೈ ಮುನಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಜರ್ಮನಿ ಬೇರೆ ದಾರಿ ಹಿಡಿದಿದೆ. ಅಲ್ಲಿ 2013ರಿಂದ, ಟಿ.ವಿ. ಇರಲಿ ಇಲ್ಲದಿರಲಿ, ಮನೆಗೊಂದರಂತೆ ಪ್ರಸಾರ ಶುಲ್ಕವಿದೆ. ಸರಕಾರದ ನೆರವಿನಲ್ಲಿ ಬದುಕುವ ಬಡವರಿಗೆ ವಿನಾಯಿತಿ ಇದೆ. ಎಷ್ಟು ಹಣ ಬೇಕೆಂದು ಲೆಕ್ಕ ಹಾಕುವುದು ಒಂದು ಸ್ವತಂತ್ರ ಆಯೋಗ. 2020ರಲ್ಲಿ ಒಂದು ರಾಜ್ಯ ಏರಿಕೆಗೆ ಅಡ್ಡ ನಿಂತಿತು. ಮರುವರ್ಷ ಅಲ್ಲಿನ ಸಂವಿಧಾನ ನ್ಯಾಯಾಲಯವೇ ಮುಂದೆ ಬಂದು ತಿಂಗಳಿಗೆ 18.36 ಯೂರೋ ಎಂದು ಗೊತ್ತುಮಾಡಿತು. ಹಣವಿಲ್ಲದೆ ಪ್ರಸಾರ ಸ್ವಾತಂತ್ರ್ಯಕ್ಕೆ ಅರ್ಥವಿಲ್ಲ ಎಂಬುದು ಅದರ ತಿರುಳು.

ನಾವು ನೋಡದ ವಾಹಿನಿಗೆ ನಾವೇಕೆ ಕೊಡಬೇಕು? ಈ ಪ್ರಶ್ನೆ ನ್ಯಾಯವಾದದ್ದೇ. ಆದರೆ ರಾತ್ರಿ ಹೊರಗೆ ಹೋಗದವನೂ ಬೀದಿದೀಪಕ್ಕೆ ತೆರಿಗೆ ಕೊಡುತ್ತಾನೆ. ಆ ಬೆಳಕಿನಲ್ಲಿ ಮನೆಗೆ ಬರುವುದು ಅವನ ನೆರೆಯವನು. ಇನ್ನು ಬಂಗಲೆಗೂ ಗುಡಿಸಲಿಗೂ ಒಂದೇ ಶುಲ್ಕ ವಿಧಿಸುವುದು ನಮ್ಮ ದೇಶದಲ್ಲಿ ಅನ್ಯಾಯವಾದೀತು. ಹಣ ತೆರಿಗೆಯಿಂದಲೇ ಬರಲಿ. ಆದರೆ ಮೊತ್ತವನ್ನು ಮಂತ್ರಿಗಳು ವರ್ಷವರ್ಷವೂ ಅಳೆದು ಕೊಡುವುದು ನಿಲ್ಲಲಿ. ರಾಜ್ಯಗಳ ಪಾಲನ್ನು ಹಣಕಾಸು ಆಯೋಗ ಐದು ವರ್ಷಕ್ಕೆ ಶಿಫಾರಸು ಮಾಡುವಂತೆ, ಇದಕ್ಕೂ ಒಂದು ಸ್ವತಂತ್ರ ಆಯೋಗವಿರಲಿ, ಅದರ ಲೆಕ್ಕ ಸಂಸತ್ತಿನ ಮುಂದೆ ಬಹಿರಂಗವಾಗಿರಲಿ.

2002ರಲ್ಲಿ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರರು ನಡೆಸಿಕೊಡುವ 'ಥಟ್ ಅಂತ ಹೇಳಿ' ಆರಂಭವಾಯಿತು. ಸರಿಯುತ್ತರಕ್ಕೆ ಅಲ್ಲಿ ಬಹುಮಾನ ಕನ್ನಡ ಪುಸ್ತಕ. ಲಕ್ಷ, ಕೋಟಿಗಳ ಆಸೆ ತೋರಿಸದೆ ಒಂದು ಕಾರ್ಯಕ್ರಮ ಇಷ್ಟು ವರ್ಷ ಜನರ ಮನೆಗೆ ಬರಬಲ್ಲುದಾದರೆ, ಅದು ಎಲ್ಲರ ಉಪ್ಪಿನ ಫಲ.

ಎಲ್ಲರ ಉಪ್ಪು ತಿಂದವನು ಒಬ್ಬನಿಗೇ ತಲೆಬಾಗಬೇಕಾಗಿಲ್ಲ. ಆದರೆ ಉಪ್ಪು ಕೊಟ್ಟವರಿಗೆ ಅದು ನೆನಪಿರಬೇಕು. ಅಬ್ಬಾ ಅವರ ಪುಸ್ತಕದಲ್ಲಿ ಸ್ಟಾಂಪುಗಳು ಇನ್ನೂ ಗಟ್ಟಿಯಾಗಿ ಅಂಟಿಕೊಂಡಿವೆ. ವಾರ್ತೆ ಸರಿಯಿಲ್ಲ ಎಂದು ದೂರುವ ಹಕ್ಕಿನ ರಸೀದಿಯೂ ಅದೇ ಆಗಿತ್ತು. ರಸೀದಿ ಇಲ್ಲದ ನಾವು ಆ ಹಕ್ಕನ್ನೂ ಮರೆತು ಕುಳಿತಿದ್ದೇವೆ.