ಗಾಜಿನ ಮನೆಯ ಋಣ

ದಯೆ ದೊಡ್ಡದೋ, ಋಣ ದೊಡ್ಡದೋ? ಈ ಪ್ರಶ್ನೆ ಕೇಳಲು ಶಾಸ್ತ್ರಗ್ರಂಥವೇ ಬೇಕೆಂದಿಲ್ಲ. ಹೂವಿನ ಒಂದು ತೂಗುಬುಟ್ಟಿಯೂ ಕೇಳಬಲ್ಲದು. ಇಂಗ್ಲೆಂಡಿನಲ್ಲಿರುವ ಮಗಳ ಮನೆಯಲ್ಲಿ ಒಂದು ಚಳಿಗಾಲ ಕಳೆದ ನನ್ನನ್ನು ಅದು ಕೇಳಿತು.

ನಾವು ಬೆಂಗಳೂರಿನವರಿಗೆ ಗಾಜಿನ ಮನೆಯೆಂದರೆ ಲಾಲ್‌ಬಾಗಿನದು. 1889ರಲ್ಲಿ ಅಡಿಗಲ್ಲು ಬಿದ್ದ ಆ ಮನೆಗೆ ಗಿಡಗಳು ಬರುವುದು ಫಲಪುಷ್ಪ ಪ್ರದರ್ಶನದಲ್ಲಿ ಮೆರೆಯುವುದಕ್ಕೆ. ಇಂಗ್ಲೆಂಡಿನ ಹಿತ್ತಲಿನ ಗಾಜಿನ ಮನೆ ನಮ್ಮ ಬಚ್ಚಲಮನೆಯಷ್ಟೇ ದೊಡ್ಡದು. ಅಲ್ಲಿಗೆ ಗಿಡಗಳು ಬರುವುದು ಜೀವ ಉಳಿಸಿಕೊಳ್ಳುವುದಕ್ಕೆ.

ಬೇಸಿಗೆಯಲ್ಲಿ ಆ ಊರಿನ ಬಾಗಿಲು ಬಾಗಿಲಿಗೂ ತಂತಿಯ ಬುಟ್ಟಿಗಳು ತೂಗುತ್ತವೆ. ಒಳಗೆ ಪಾಚಿ ಹಾಸಿ, ಮಣ್ಣು ತುಂಬಿ ಗಿಡ ನೆಡುತ್ತಾರೆ. ಸುತ್ತಲೂ ಗಾಳಿಯಾಡುವುದರಿಂದ ಮಣ್ಣು ಬೇಗ ಒಣಗುತ್ತದೆ. ಬಿಸಿಲಿದ್ದ ದಿನವೆಲ್ಲ ನೀರು ಹಾಕಬೇಕು. ಜುಮಕಿಯಂತೆ ಜೋಲುವ ಫ್ಯೂಷಿಯಾ, ಕೆಂಪು ಜಿರೇನಿಯಂ ನೋಡಿದರೆ ಕಣ್ಣು ತಣಿಯುತ್ತದೆ. ಶರತ್ಕಾಲ ಕಳೆದು ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟುವ ಕಾಲ ಬಂದಾಗ, ಇವನ್ನೇನು ಮಾಡುವುದೆಂಬ ಚಿಂತೆ ಹುಟ್ಟುತ್ತದೆ.

ಎಡಮನೆಯವರು ಎಲ್ಲವನ್ನೂ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರು. ವಸಂತದಲ್ಲಿ ಹೊಸ ಸಸಿ ಕೊಳ್ಳುವುದೇ ಅಗ್ಗ. ನಾಲ್ಕು ಗಿಡಗಳಿಗಾಗಿ ಚಳಿಗಾಲವೆಲ್ಲ ವಿದ್ಯುತ್ತು ಸುಡುವುದು ಲೋಕಕ್ಕೇ ನಷ್ಟವೆಂದು ಅವರ ವಾದ. ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ನಾವೂ ಸೇವಂತಿಗೆ ಬಾಡಿತೆಂದು ಅಳುತ್ತ ಕೂರುವವರಲ್ಲ.

ಆದರೂ ಒಂದು ಮಾತಿದೆ. ಈ ಗಿಡಗಳು ತಾವಾಗಿ ಇಂಗ್ಲೆಂಡಿಗೆ ಬಂದವಲ್ಲ. ತೋಟದ ಜಿರೇನಿಯಂನ ಮೂಲ ದಕ್ಷಿಣ ಆಫ್ರಿಕ. ಫ್ಯೂಷಿಯಾದ ಹೆಚ್ಚಿನ ಬಗೆಗಳ ತವರು ದಕ್ಷಿಣ ಅಮೆರಿಕ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಮುಚ್ಚಿದ ಗಾಜಿನ ಪೆಟ್ಟಿಗೆಗಳಲ್ಲಿ ಸಸಿಗಳನ್ನಿಟ್ಟು 1833ರಲ್ಲಿ ಆಸ್ಟ್ರೇಲಿಯಾಕ್ಕೆ ಕಳಿಸಿದ. ದೀರ್ಘ ಪ್ರಯಾಣದಲ್ಲೂ ಅವು ಬದುಕಿದವು. ಆಮೇಲೆ ಸಮುದ್ರ ದಾಟಿಸುವುದು ಇನ್ನೂ ಸುಲಭವಾಯಿತು. ಕರೆತಂದವರು ಮನುಷ್ಯರು, ಕರೆತಂದದ್ದು ತಮ್ಮ ಕಣ್ಣಿನ ಸುಖಕ್ಕೆ. ಹಾಗಿದ್ದ ಮೇಲೆ ಚಳಿಯಲ್ಲಿ ಕಾಪಾಡಿದರೆ ಅದು ದಯೆಯಲ್ಲ, ಸಾಲ ತೀರಿಸಿದಂತೆ ಅಷ್ಟೆ.

ಈ ಸಾಲ ತೀರಿಸುವ ಬಗೆಯನ್ನು ಬಲಮನೆಯ ವೃದ್ಧೆಯಲ್ಲಿ ಕಂಡೆ. ಆಕೆ ಗಾಜಿನ ಮನೆಯನ್ನು ಬಿಸಿ ಮಾಡುತ್ತಿರಲಿಲ್ಲ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುತ್ತಿದ್ದರು, ಅಷ್ಟೆ. ನೀರು, ಬೇರು ಪೂರ್ತಿ ಒಣಗದಿರಲೆಂದು ಒಂದಿಷ್ಟು. ಗೊಬ್ಬರ ಇಲ್ಲವೇ ಇಲ್ಲ. ಬಿಸಿಲು ಬಂದ ಮಧ್ಯಾಹ್ನ ಮೇಲಿನ ಕಿಂಡಿ ತೆರೆಯುವರು. ಇಲ್ಲವಾದರೆ ತೇವಕ್ಕೆ ಬೂದು ಬೂಷ್ಟು ಹಿಡಿಯುತ್ತದೆ. ಫ್ಯೂಷಿಯಾ ಎಲೆ ಉದುರಿಸಿ ಒಣಕಡ್ಡಿಯಂತೆ ನಿಂತಿತ್ತು. ನೋಡಿದವರ ಕೈ ತಾನಾಗಿ ನೀರಿನ ಚೊಂಬಿಗೆ ಹೋಗುತ್ತದೆ. ಹಾಗೆ ಮಿತಿಮೀರಿ ಎರೆದ ನೀರಿನಿಂದಲೇ ಬೇರು ಕೊಳೆಯುತ್ತದೆ. ಅದಕ್ಕೆ ಬೇಕಾದದ್ದು ವಿಶ್ರಾಂತಿ. ನಮಗೆ ಬೇಕಾದದ್ದು ಉಪಚಾರ ಮಾಡಿದೆವೆಂಬ ಸಮಾಧಾನ. ಇವೆರಡೂ ಒಂದೇ ಅಲ್ಲ.

ಹಳ್ಳಿಯಿಂದ ತಂದೆತಾಯಿಯರನ್ನು ನಗರದ ಮೂರನೆಯ ಅಂತಸ್ತಿನ ಮನೆಗೆ ಕರೆತರುವ ನಾವು ಈ ವ್ಯತ್ಯಾಸವನ್ನು ಎಷ್ಟು ಬಲ್ಲೆವು? ಹೊತ್ತುಹೊತ್ತಿಗೆ ಹಾಲು, ಹಣ್ಣು, ಮಾತ್ರೆ ಕೊಟ್ಟು, "ಇನ್ನೇನು ಕಡಿಮೆ ಮಾಡಿದ್ದೇವೆ?" ಎನ್ನುತ್ತೇವೆ. ಆ ಮಾತಿನೊಳಗೆ ದಯೆಯ ಬೀಗು ಅಡಗಿದೆ. ಅವರಿಗೆ ಬೇಕಾದದ್ದು ತೆರೆದ ಒಂದು ಕಿಂಡಿ, ಯಾರೂ ಮಾತನಾಡಿಸದ ಒಂದು ಹೊತ್ತು ಇರಬಹುದು. ಮಗಳು ನನಗೆ ಕೋಣೆ ಬೆಚ್ಚಗಿಟ್ಟಿದ್ದಳು, ನಿಜ. ಆದರೆ ನಾನು ನೆನೆಯುವುದು, ಆ ಚಳಿಯಲ್ಲೂ ಒಬ್ಬನೇ ಅಡ್ಡಾಡಿ ಬರಲು ಆಕೆ ತಡೆಯದೆ ಬಿಟ್ಟದ್ದನ್ನು.

ದಯೆ ತೋರಿದವನು ಕೃತಜ್ಞತೆ ಬಯಸುತ್ತಾನೆ. ಅದು ಸಿಗದಿದ್ದರೆ ಬೇಸರಪಡುತ್ತಾನೆ. ಸಾಲಗಾರನೆಂದು ತಿಳಿದವನಿಗೆ ಆ ತೊಂದರೆಯಿಲ್ಲ. ಎದುರಿಗಿರುವ ಜೀವಕ್ಕೆ ಏನು ಬೇಕು, ಎಷ್ಟು ಬೇಕು ಎಂದಷ್ಟೇ ಅವನು ನೋಡುತ್ತಾನೆ.