ಏಳಿಗೆ ಯಾವುದು?

ಜಗತ್ಪ್ರಸಿದ್ಧ ನಾಯಕರ ಚರಿತ್ರೆಗಳನ್ನು ಓದುವಾಗ ಅವರು ಎಷ್ಟು ಎತ್ತರಕ್ಕೆ ಏರಿದರೆಂಬುದನ್ನೇ ನಾವು ಅಳೆಯುತ್ತೇವೆ. ಏರಿದ ಕಾಲದಲ್ಲಿ ತಮ್ಮ ಕೈವಶವಾದವರನ್ನು ಅವರು ಹೇಗೆ ಕಂಡರೆಂದು ಕೇಳುವುದಿಲ್ಲ. ಏಳಿಗೆಯೆಂಬುದು ಅಧಿಕಾರವೋ, ಆಚಾರವೋ? ಇದು ವಿಚಾರಣೀಯವಾದ ಪ್ರಶ್ನೆ.

ಕಾರ್ಸಿಕಾ ದ್ವೀಪದ, ಸಿರಿವಂತವಲ್ಲದ ಮನೆತನದಲ್ಲಿ 1769ರಲ್ಲಿ ಜನಿಸಿದ ನೆಪೋಲಿಯನ್ನನು 1804ರಲ್ಲಿ ಫ್ರಾನ್ಸಿನ ಸಾಮ್ರಾಟನಾದನು. ಅದಕ್ಕೂ ಮೊದಲು, 1799ರಲ್ಲಿ, ಪ್ಯಾಲೆಸ್ಟೈನದ ಜಾಫಾ ಪಟ್ಟಣದಲ್ಲಿ ಶರಣಾಗತರಾದ ಸಾವಿರಾರು ಸೈನಿಕರನ್ನು ಆತನ ಅಪ್ಪಣೆಯಂತೆ ಕೊಲ್ಲಲಾಯಿತು. ಕಾಯಲು ಜನವಿಲ್ಲ, ಉಣಿಸಲು ಅನ್ನವಿಲ್ಲವೆಂಬುದು ಆತನ ಪಕ್ಷದವರ ಸಮಾಧಾನ.

ಇನ್ನು ನಮ್ಮ ಸೀಮೆಯನ್ನೇ ನೋಡೋಣ. ಕಿತ್ತೂರಿನ ಶಿವಲಿಂಗರುದ್ರಸರ್ಜನು 1824ರಲ್ಲಿ ಮಕ್ಕಳಿಲ್ಲದೆ ತೀರಿಕೊಳ್ಳಲು, ಕಂಪನಿಯು ದತ್ತಕವನ್ನು ಒಪ್ಪಲಿಲ್ಲ. ಅಕ್ಟೋಬರ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ ಥ್ಯಾಕರೆಯು ಮಡಿದನು. ಸ್ಟೀವನ್‌ಸನ್, ವಾಲ್ಟರ್ ಎಲಿಯಟ್ ಎಂಬ ಅಧಿಕಾರಿಗಳು ಸೆರೆಸಿಕ್ಕರು. ರಾಣಿ ಚೆನ್ನಮ್ಮನವರ ವಿಜಯದ ಶಿಖರವದು. ಆದರೂ ಸೆರೆಯವರ ಪ್ರಾಣಕ್ಕೆ ಕೇಡಾಗಲಿಲ್ಲ. ಸಂಧಾನದ ಕಾಲದಲ್ಲಿ ಕಿತ್ತೂರಿನವರು ಅವರನ್ನು ಬಿಟ್ಟುಕೊಟ್ಟರು. ಡಿಸೆಂಬರದಲ್ಲಿ ಕೋಟೆಯು ಕಂಪನಿಯ ವಶವಾಯಿತು. ರಾಣಿಯವರು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು 1829ರಲ್ಲಿ ದೇಹವಿಟ್ಟರು.

ಇಲ್ಲಿ ಒಂದು ಆಕ್ಷೇಪವುಂಟು. ಸೆರೆಯವರನ್ನು ಬಿಡದೆ ಹಿಡಿದಿದ್ದರೆ ಕೋಟೆಯು ಉಳಿಯುತ್ತಿರಲಿಲ್ಲವೆ? ನಂಬುಗೆಯೇ ರಾಜ್ಯಕ್ಕೆ ಮುಳುವಾಯಿತಲ್ಲವೆ? ಪ್ರಜೆಗಳ ಯೋಗಕ್ಷೇಮವನ್ನು ಹೊತ್ತವರ ವಿಷಯದಲ್ಲಿ ಈ ಆಕ್ಷೇಪವು ಹಗುರವಾದುದಲ್ಲ. ಆದರೆ ಜಾಫಾದ ಕ್ರೌರ್ಯವೂ ಸಾಮ್ರಾಜ್ಯವನ್ನು ಉಳಿಸಲಿಲ್ಲವಷ್ಟೆ. 1815ರಲ್ಲಿ ವಾಟರ್ಲೂ ಸಮರದಲ್ಲಿ ಸೋತ ನೆಪೋಲಿಯನ್ನನು 1821ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಾಳಾಗಿಯೇ ಸತ್ತನು. ಫಲವು ಇಬ್ಬರ ಕೈಯಲ್ಲಿಯೂ ಇರಲಿಲ್ಲ. ನಡೆ ಮಾತ್ರ ಇತ್ತು. ಶರಣರು ಮನುಷ್ಯನನ್ನು ನಡೆಯಿಂದಲೇ ತೂಗಿದರು. ನಾಯಕನಿಗೆ ಬೇರೆ ತಕ್ಕಡಿ ಏಕೆ?

ಬಿಡುಗಡೆಯಾದ ಎಲಿಯಟ್ಟನು ಮುಂದೆ ಕನ್ನಡ ಸೀಮೆಯ 500ಕ್ಕೂ ಮಿಕ್ಕ ಶಾಸನಗಳನ್ನು ಪ್ರತಿಮಾಡಿಸಿ ಸಂಗ್ರಹಿಸಿದನು. ಚಾಲುಕ್ಯರ ಇತಿಹಾಸವನ್ನು ಅರಿಯಲು ಅದು ಬಹಳ ನೆರವಾಯಿತು. ಇಂಥ ಫಲವನ್ನು ಎಣಿಸಿ ಕಿತ್ತೂರಿನವರು ಅವನನ್ನು ಉಳಿಸಿದುದಲ್ಲ. ಉಳಿಸಿದ ಜೀವವು ಮುಂದೆ ಏನಾದೀತೆಂದು ಉಳಿಸುವವರು ಅರಿಯರು. ಅರಿಯದೆಯೇ ಉಳಿಸುವುದು ಧರ್ಮ.

ಸವದತ್ತಿ, ರಾಮದುರ್ಗಗಳ ಕಡೆಯಿಂದ ಬೈಲಹೊಂಗಲದ ರಾಣಿಯವರ ಸಮಾಧಿಗೆ ಮಕ್ಕಳನ್ನು ಕರೆದೊಯ್ಯುವ ಗುರುಗಳು ಥ್ಯಾಕರೆಯ ಸಾವನ್ನು ತಪ್ಪದೆ ಹೇಳುತ್ತಾರೆ. ಬದುಕುಳಿದ ಆ ಇಬ್ಬರು ಸೆರೆಯಾಳುಗಳ ಕಥೆಯನ್ನೂ ಅದರೊಡನೆ ಹೇಳುವುದು ಯುಕ್ತ.